ಅಂಗಡಿಯ ಅಬ್ಬರ, ಮನೆಯ ಹಜಾರ: ದುಬಾರಿ ಸೌಂಡ್‌ಬಾರ್ ಪರೀಕ್ಷಿಸುವ ಕ್ರಮ

ಟಿ.ವಿ.ಯಲ್ಲಿ ಸಿನಿಮಾ ನೋಡುವಷ್ಟು ಹೊತ್ತೂ ರಿಮೋಟನ್ನು ಕೈಯಿಂದ ಕೆಳಗಿಡಲಾಗದ ಮನೆಗಳು ಬಹಳ ಇವೆ. ಪಾತ್ರಗಳು ಮೆಲ್ಲನೆ ಮಾತನಾಡುವಾಗ ಧ್ವನಿ ಏರಿಸಬೇಕು, ಹೊಡೆದಾಟ ಶುರುವಾದೊಡನೆ ಇಳಿಸಬೇಕು. ಟಿ.ವಿ. ತೆಳ್ಳಗಾದಷ್ಟೂ ಅದರೊಳಗಿನ ಸ್ಪೀಕರಿಗೆ ಜಾಗ ಕಡಿಮೆಯಾಗಿ ಈ ಕಾಟ ಹೆಚ್ಚಿದೆ. ಇದರಿಂದ ಪಾರಾಗಲು ಸೌಂಡ್‌ಬಾರ್ (ಟಿ.ವಿ.ಯ ಕೆಳಗಿಡುವ ಉದ್ದನೆಯ ಸ್ಪೀಕರು), ಸಬ್‌ವೂಫರ್ (ತಗ್ಗಿನ ಸ್ವರಗಳನ್ನು ಹೊಮ್ಮಿಸುವ ಪೆಟ್ಟಿಗೆ) ಮತ್ತು ಹಿಂಬದಿಗೆ ಇಡುವ ಎರಡು ಸರೌಂಡ್ ಸ್ಪೀಕರುಗಳು ಸೇರಿದ ಸೆಟ್ಟುಗಳತ್ತ ಜನ ನೋಡುತ್ತಾರೆ. ಮೇಲ್ದರ್ಜೆಯ ಸೆಟ್ಟಿಗೆ ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಹಣ ಬೀಳುತ್ತದೆ. ಅಷ್ಟು ಹಣ ಕೊಡುವ ಮುನ್ನ, ಮತ್ತು ಕೊಟ್ಟ ನಂತರದ ಮೊದಲ ವಾರದಲ್ಲಿ, ಏನನ್ನು ಯಾವ ಕ್ರಮದಲ್ಲಿ ಪರೀಕ್ಷಿಸಬೇಕು ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಟೇಪು ಹಿಡಿದು ಹಜಾರ ಅಳೆಯಿರಿ

ಅಂಗಡಿಗೆ ಹೋಗುವ ಮುನ್ನ ಹಜಾರದ ಉದ್ದ, ಅಗಲ, ಛಾವಣಿಯ ಎತ್ತರ, ಸೋಫಾದಿಂದ ಹಿಂದಿನ ಗೋಡೆಗೆ ಇರುವ ಅಂತರ ಇವಿಷ್ಟನ್ನು ಬರೆದಿಟ್ಟುಕೊಳ್ಳಿ. ಛಾವಣಿಯನ್ನು ನೋಡುವುದು ಮುಖ್ಯ. ದುಬಾರಿ ಬಾರುಗಳಲ್ಲಿ ಮೇಲ್ಮುಖವಾದ ಸ್ಪೀಕರುಗಳಿದ್ದು, ಅವು ಹೊಮ್ಮಿಸುವ ಸದ್ದು ಛಾವಣಿಗೆ ಬಡಿದು ಕೆಳಗಿಳಿಯುವುದರಿಂದಲೇ ಮಳೆಯೋ ಹೆಲಿಕಾಪ್ಟರೋ ತಲೆಯ ಮೇಲಿದ್ದಂತೆ ಕೇಳುತ್ತದೆ. ಇದಕ್ಕೆ ಸಮತಟ್ಟಾದ, ಗಟ್ಟಿಯಾದ, ಸುಮಾರು 8ರಿಂದ 12 ಅಡಿ ಎತ್ತರದ ಛಾವಣಿ ಬೇಕು. ಆರ್‌ಸಿಸಿ ತಾರಸಿಯ ಮನೆಯಲ್ಲಿ ಇದು ಸಲೀಸು. ಆದರೆ ಕರಾವಳಿ, ಮಲೆನಾಡಿನ ಮಂಗಳೂರು ಹೆಂಚಿನ ಇಳಿಜಾರು ಮಾಡಿನ ಮನೆಯಲ್ಲಿ ಸದ್ದು ಎತ್ತಲೋ ಚದುರಿಹೋಗುತ್ತದೆ. ಅಂಥ ಮನೆಯವರು ಮೇಲ್ಮುಖ ಸ್ಪೀಕರುಗಳಿಗಾಗಿ ಹೆಚ್ಚಿನ ಹಣ ತೆರುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ. ಆ ಹಣವನ್ನು ಒಳ್ಳೆಯ ಸಬ್‌ವೂಫರ್ ಇರುವ ಸೆಟ್ಟಿಗೆ ಹಾಕಬಹುದು.

ಪ್ಲಗ್ ಪಾಯಿಂಟುಗಳನ್ನೂ ಎಣಿಸಿ. ಹಿಂಬದಿಯ ಸ್ಪೀಕರು ‘ವೈರ್‌ಲೆಸ್’ ಎಂದರೆ ಧ್ವನಿಯ ಸಂಕೇತಕ್ಕೆ ತಂತಿ ಬೇಡ ಎಂದಷ್ಟೇ ಅರ್ಥ, ವಿದ್ಯುತ್ತಿಗೆ ತಂತಿ ಬೇಕೇ ಬೇಕು. ಜೆಬಿಎಲ್ ಬಾರ್ 1000ದಂಥ ಕೆಲವು ಮಾದರಿಗಳಲ್ಲಿ ಮಾತ್ರ ಹಿಂದಿನ ಸ್ಪೀಕರುಗಳು ಬಾರಿನ ಎರಡು ತುದಿಗಳಿಂದಲೇ ಕಳಚಿ ಬರುತ್ತವೆ ಮತ್ತು ಬ್ಯಾಟರಿಯಿಂದ ನಡೆಯುತ್ತವೆ.

ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದುವುದು

7.1.4 ಎಂದಿದ್ದರೆ ಮೊದಲ ಅಂಕಿ ಕಿವಿಯ ಮಟ್ಟದಲ್ಲಿ ಸುತ್ತುವರಿಯುವ ಚಾನೆಲ್‌ಗಳದ್ದು (ಬೇರೆ ಬೇರೆ ದಿಕ್ಕಿನ ಧ್ವನಿಯ ಹರಿವುಗಳದ್ದು), ನಡುವಿನದು ಸಬ್‌ವೂಫರಿನದು, ಕೊನೆಯದು ಮೇಲಿನಿಂದ ಬರುವ ಸದ್ದಿನದು. ಸ್ಯಾಮ್‌ಸಂಗ್‌ನ ಕ್ಯೂ990 ಸಾಲಿನ ಬಾರುಗಳಲ್ಲಿ ಇದು 11.1.4ರ ತನಕ ಹೋಗಿದೆ. ಅಂಕಿ ದೊಡ್ಡದಿದ್ದಷ್ಟೂ ಒಳ್ಳೆಯದೆಂದೇನಿಲ್ಲ. ಹನ್ನೆರಡು ಅಡಿಯ ಕೋಣೆಯಲ್ಲಿ ಸರಿಯಾಗಿ ಇಟ್ಟ 5.1.2 ಸೆಟ್ಟು ಮೂಲೆಗೆ ತುರುಕಿದ 11.1.4ಕ್ಕಿಂತ ಚೆನ್ನಾಗಿ ಕೇಳಬಹುದು.

ವ್ಯಾಟಿನ ಅಂಕಿಯಂತೂ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ವಿದ್ಯುತ್ ಬಲ ಎರಡು ಪಟ್ಟಾದರೆ ಸದ್ದು ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ‘ಎರಡರಷ್ಟು ಜೋರು’ ಎನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಬಲ ಬೇಕು. ಹಾಗಾಗಿ 400 ಮತ್ತು 800 ವ್ಯಾಟಿನ ನಡುವಣ ಅಂತರ ಕಿವಿಗೆ ಅಲ್ಪವೇ. ಆ ಅಂಕಿ ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಬಲ) ಲೆಕ್ಕದ್ದೋ ಕ್ಷಣಿಕ ಗರಿಷ್ಠದ್ದೋ, ಎಷ್ಟು ಶೇಕಡಾ ವಿರೂಪವನ್ನು ಸಹಿಸಿಕೊಂಡು ಅಳೆದದ್ದೋ ಎಂಬುದನ್ನು ಕೈಪಿಡಿಯಲ್ಲಿ ನೋಡಿ. ಶೇ 10ರಷ್ಟು ವಿರೂಪದಲ್ಲಿ ಅಳೆದ ವ್ಯಾಟು ಕಾಗದದ ಮೇಲಷ್ಟೇ ದೊಡ್ಡದು.

ಅಂಗಡಿಯಲ್ಲಿ: ಧ್ವನಿಯನ್ನು ಸಮ ಮಾಡಿಸಿ

ಬೆಂಗಳೂರಿನ ಎಸ್.ಪಿ. ರಸ್ತೆಯ ಮಳಿಗೆಯಾಗಲಿ, ಮಾಲ್‌ನ ಷೋರೂಮ್ ಆಗಲಿ, ಮಾರುವವರು ಮಾರಬೇಕಾದ ಸೆಟ್ಟನ್ನು ಕೊಂಚ ಜೋರಾಗಿಯೇ ಕೇಳಿಸುತ್ತಾರೆ. ಸದ್ದು ಕಡಿಮೆಯಿದ್ದಾಗ ನಮ್ಮ ಕಿವಿಗೆ ತಗ್ಗಿನ ಸ್ವರಗಳು ಮಂಕಾಗಿಯೂ ಜೋರಿದ್ದಾಗ ತುಂಬಿಕೊಂಡೂ ಕೇಳುತ್ತವೆ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಆದ್ದರಿಂದ ಜೋರಾದ ಬಾರು ಶ್ರೀಮಂತವಾಗಿ ಕೇಳುವುದು ಅದರ ಗುಣದಿಂದಲ್ಲ, ನಮ್ಮ ಕಿವಿಯ ಸ್ವಭಾವದಿಂದ. ಮೊಬೈಲಿನಲ್ಲಿ ಡೆಸಿಬೆಲ್ ಅಳೆಯುವ ಆ್ಯಪ್ ಹಾಕಿಕೊಂಡು, ಹೋಲಿಸುವ ಎರಡೂ ಸೆಟ್ಟುಗಳನ್ನು ಸುಮಾರು 70ಕ್ಕೆ ನಿಲ್ಲಿಸಿ, ಒಂದೇ ದೃಶ್ಯವನ್ನು ಎರಡರಲ್ಲೂ ಕೇಳಿ. ಆ್ಯಪ್ ಕರಾರುವಾಕ್ಕಾಗಿ ಇಲ್ಲದಿದ್ದರೂ ಹೋಲಿಕೆಗೆ ಅಷ್ಟು ಸಾಕು.

ಕಂಪನಿಯ ಪ್ರಚಾರದ ವಿಡಿಯೊ ಬೇಡ, ನಿಮ್ಮ ಕಿವಿಗೆ ಅಭ್ಯಾಸವಾದ ಸದ್ದನ್ನು ಒಯ್ಯಿರಿ. ನಾನು ಒಯ್ಯುವುದು ಯಕ್ಷಗಾನದ ಒಂದು ಧ್ವನಿಮುದ್ರಣ. ಚೆಂಡೆಯ ಪೆಟ್ಟು ಚುರುಕಾಗಿ ಎದ್ದು ಥಟ್ಟನೆ ನಿಲ್ಲಬೇಕು, ಮದ್ದಳೆ ಅದರಿಂದ ಬೇರೆಯಾಗಿ ಕೇಳಬೇಕು, ಇವೆರಡರ ನಡುವೆಯೂ ಭಾಗವತರ ಪದ್ಯದ ಅಕ್ಷರಗಳು ಅಳಿಸಬಾರದು. ಇಷ್ಟಾದರೆ ಮುಂದಿನ ಪರೀಕ್ಷೆಗಳಿಗೆ ಆ ಬಾರು ಯೋಗ್ಯ. ತಗ್ಗಿನ ಸ್ವರಕ್ಕೆ ಡೊಳ್ಳು ಒಳ್ಳೆಯ ಒರೆಗಲ್ಲು.

ಮನೆಗೆ ಬಂದ ಮೇಲೆ: ತಂತಿ ಮತ್ತು ಸೆಟ್ಟಿಂಗ್

ಬಾರನ್ನು ಟಿ.ವಿ.ಯ ಎಚ್‌ಡಿಎಂಐ ಕಿಂಡಿಗಳ ಪೈಕಿ ಇ-ಆರ್ಕ್ (eARC) ಅಥವಾ ಆರ್ಕ್ (ARC) ಎಂದು ಬರೆದಿರುವುದಕ್ಕೇ ಜೋಡಿಸಬೇಕು, ಟಿ.ವಿ.ಯ ಧ್ವನಿ ಬಾರಿಗೆ ಹೋಗುವುದು ಆ ಕಿಂಡಿಯಿಂದ. ತಲೆಯ ಮೇಲಿನಿಂದಲೂ ಸದ್ದು ಕೇಳಿಸುವ ಡಾಲ್ಬಿ ಅಟ್ಮಾಸ್ ಮಾದರಿಯ ಧ್ವನಿ ಆಪ್ಟಿಕಲ್ ತಂತಿಯಲ್ಲಿ ಹರಿಯುವುದಿಲ್ಲ. ಒಟಿಟಿಯ ಅಟ್ಮಾಸ್‌ಗೆ ಆರ್ಕ್ ಸಾಕು. ಬ್ಲೂ-ರೇ ಡಿಸ್ಕಿನ ಸಂಕುಚನ ನಷ್ಟವಿಲ್ಲದ ಟ್ರೂಎಚ್‌ಡಿ ಧ್ವನಿಯನ್ನು ಟಿ.ವಿ.ಯ ಮೂಲಕ ಬಾರಿಗೆ ಕಳಿಸಬೇಕಾದರೆ ಇ-ಆರ್ಕ್ ಬೇಕು. ನಂತರ ಟಿ.ವಿ.ಯ ಆಡಿಯೊ ಔಟ್‌ಪುಟ್ ‘ಪಿಸಿಎಂ’ ಎಂದಿದ್ದರೆ ‘ಪಾಸ್‌ಥ್ರೂ’ ಅಥವಾ ‘ಆಟೊ’ಗೆ ಬದಲಿಸಿ. ಅಟ್ಮಾಸ್ ಇರುವ ಚಿತ್ರ ಹಾಕಿದಾಗ ಬಾರಿನ ಪರದೆಯಲ್ಲೋ ಅದರ ಆ್ಯಪ್‌ನಲ್ಲೋ ಆ ಹೆಸರು ಮೂಡಬೇಕು. ಮೂಡದಿದ್ದರೆ ದೋಷ ಬಾರಿನದೇ ಆಗಿರಬೇಕಿಲ್ಲ, ಒಟಿಟಿಯ ಚಂದಾ ಯೋಜನೆಯನ್ನೂ ನೋಡಿ. ನೆಟ್‌ಫ್ಲಿಕ್ಸ್ ಅಟ್ಮಾಸ್ ಕೊಡುವುದು ಪ್ರೀಮಿಯಂ ಚಂದಾದಾರರಿಗೆ ಮಾತ್ರ.

ಮಾತು ಕೇಳುತ್ತದೆಯೇ?

ಸರೌಂಡ್ ಹಾಗಿರಲಿ, ಮೊದಲ ಪರೀಕ್ಷೆ ಮಾತಿನದು. ಮನೆಯಲ್ಲಿ ರಾತ್ರಿ ಹೊತ್ತು ಇಡುವ ಸಾಮಾನ್ಯ ಧ್ವನಿಮಟ್ಟದಲ್ಲಿ, ಹಿನ್ನೆಲೆ ಸಂಗೀತ ಇರುವ ಸಂಭಾಷಣೆಯ ದೃಶ್ಯವೊಂದನ್ನು ಸಬ್‌ಟೈಟಲ್ ಇಲ್ಲದೆ ನೋಡಿ. ಮಾತನ್ನು ಎತ್ತಿ ತೋರಿಸುವ ‘ವಾಯ್ಸ್’ ಮೋಡ್ ಈಗಲೇ ಹಾಕಬೇಡಿ. ಆ ಗುಂಡಿಯಿಲ್ಲದೆ ಮಾತು ಅರ್ಥವಾಗದಿದ್ದರೆ ಮಾತನ್ನು ಹೊರುವ ನಡುವಿನ ಚಾನೆಲ್ ದುರ್ಬಲವೆಂದೇ ತಿಳಿಯಬೇಕು.

ಬಳಿಕ ಕಪ್ಪು-ಬಿಳುಪು ಕಾಲದ ಕನ್ನಡ ಚಿತ್ರವೊಂದನ್ನು ಹಾಕಿ. ಅವುಗಳ ಧ್ವನಿ ಮಾನೊ, ಅಂದರೆ ಒಂದೇ ಚಾನೆಲಿನದು. ಮಾತು ಪರದೆಯ ನಟ್ಟನಡುವಿನಿಂದಲೇ ಬರಬೇಕು. ಕೆಲವು ಬಾರುಗಳ ಸರೌಂಡ್ ಮೋಡ್ ಇದನ್ನೂ ಎಳೆದು ಕೋಣೆಯ ತುಂಬ ಹರಡಿ, ಸ್ನಾನದ ಮನೆಯಲ್ಲಿ ಮಾತನಾಡಿದಂತೆ ಮಾಡುತ್ತದೆ. ‘ಸ್ಟ್ಯಾಂಡರ್ಡ್’ ಮೋಡ್‌ಗೆ ಒಂದೇ ಗುಂಡಿಯಲ್ಲಿ ಮರಳಲು ಸಾಧ್ಯವೇ ಎಂಬುದನ್ನು ಪರೀಕ್ಷಿಸಿ. ಮನೆಯ ಹಿರಿಯರು ಹಗಲೆಲ್ಲ ನೋಡುವುದು ಅಂಥ ಚಿತ್ರಗಳನ್ನೇ ಅಲ್ಲವೇ.

ಸಬ್‌ವೂಫರ್: ಇಲ್ಲಿ ಅವಸರ ಬೇಡ

ಖರೀದಿಸಿದವರು ಅತಿ ಹೆಚ್ಚು ನಿರಾಶರಾಗುವುದೂ, ಸುಮ್ಮನೆ ದೂರುವುದೂ ಸಬ್‌ವೂಫರಿನ ವಿಷಯದಲ್ಲೇ. ತಪ್ಪು ಬಹುಪಾಲು ಪೆಟ್ಟಿಗೆಯದ್ದಲ್ಲ, ಅದನ್ನು ಇಟ್ಟ ಜಾಗದ್ದು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುವುದರಿಂದ 40 ಹರ್ಟ್ಸ್‌ನ ಅಲೆಯೊಂದರ ಉದ್ದ ಸುಮಾರು ಎಂಟೂವರೆ ಮೀಟರ್. ನಮ್ಮ ಸಾಮಾನ್ಯ 14 ಅಡಿ ಉದ್ದದ ಹಜಾರ ಇದರ ಸರಿ ಅರ್ಧ. ಹೀಗಿದ್ದಾಗ ಆ ಸ್ವರ ಎರಡು ಗೋಡೆಗಳ ನಡುವೆ ನಿಂತ ಅಲೆಯಾಗಿ, ಗೋಡೆಯ ಪಕ್ಕ ಅತಿಯಾಗಿಯೂ ನಟ್ಟನಡುವೆ ಇಲ್ಲವೇ ಇಲ್ಲವೆಂಬಂತೆಯೂ ಕೇಳುತ್ತದೆ. ಸೋಫಾ ಹಿಂಗೋಡೆಗೆ ಅಂಟಿದ್ದರೆ ಗುಮ್ಮೆನ್ನುವುದೂ, ಮಧ್ಯದಲ್ಲಿದ್ದರೆ ಸಪ್ಪೆಯಾಗುವುದೂ ಇದರಿಂದಲೇ.

ಪರಿಹಾರ ಕೊಂಚ ವಿಚಿತ್ರವಾಗಿದೆ. ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲಿ ಇಟ್ಟು, ಡೊಳ್ಳಿನಂಥ ತಗ್ಗಿನ ಸದ್ದು ಹಾಕಿ, ನೀವು ಗೋಡೆಯಂಚಿನಲ್ಲಿ ಮೊಣಕಾಲೂರಿ ಹರಿಯುತ್ತ ಕೇಳಿ. ಪ್ರತಿ ಪೆಟ್ಟೂ ಒಂದೇ ತೂಕದಲ್ಲಿ, ಬಾಲವಿಲ್ಲದೆ ಕೇಳಿಸುವ ಜಾಗ ಎಲ್ಲಿ ಸಿಗುತ್ತದೋ ಅಲ್ಲಿಗೆ ಪೆಟ್ಟಿಗೆಯನ್ನು ಸಾಗಿಸಿ. ನಾನು ಮಾಡುವುದನ್ನು ನೋಡಿ ಮನೆಯವರು ನಕ್ಕರು, ಸದ್ದು ಸರಿಹೋಯಿತು.

ಇನ್ನೊಂದು ಅಂಶ: ಗಂಡು ದನಿಯ ಮಾತು ಸಬ್‌ವೂಫರ್ ಇಟ್ಟ ಮೂಲೆಯಿಂದ ಬಂದಂತೆ ಅನಿಸಬಾರದು. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಎಲ್ಲಿಂದ ಬರುತ್ತದೆಂದು ಕಿವಿ ಗುರುತಿಸಲಾರದು, ಅದಕ್ಕಿಂತ ಬಹಳ ಮೇಲಿನದಾದರೆ ಗುರುತಿಸುತ್ತದೆ. ಬಾರಿನ ಸ್ಪೀಕರುಗಳು ತೀರ ಚಿಕ್ಕವಾಗಿದ್ದು ಮಾತಿನ ಒಂದು ಪಾಲನ್ನೂ ಸಬ್‌ವೂಫರಿಗೇ ಹೊರಿಸಿದ್ದರೆ ಈ ದೋಷ ಎದ್ದು ಕಾಣುತ್ತದೆ, ಮತ್ತು ಅದನ್ನು ಯಾವ ಸೆಟ್ಟಿಂಗಿನಿಂದಲೂ ಪೂರ್ತಿ ಹೋಗಲಾಡಿಸಲಾಗದು. ಲಕ್ಷದ ಸೆಟ್ಟಿನಲ್ಲಿ ಇದು ಕಂಡರೆ ನಾನಂತೂ ಹಿಂತಿರುಗಿಸುತ್ತೇನೆ.

ಅಪಾರ್ಟ್‌ಮೆಂಟಿನವರು ಪೆಟ್ಟಿಗೆಯ ಕೆಳಗೆ ದಪ್ಪ ರಬ್ಬರ್ ಹಾಸು ಹಾಕಬೇಕು, ‘ನೈಟ್’ ಮೋಡ್ ನಿಜಕ್ಕೂ ಅಬ್ಬರ ತಗ್ಗಿಸುತ್ತದೆಯೇ ಎಂದೂ ನೋಡಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕದ ಮಿತಿ 45 ಡೆಸಿಬೆಲ್. ತಗ್ಗಿನ ಸ್ವರವಂತೂ ಗೋಡೆ ದಾಟುವುದರಲ್ಲಿ ನಿಸ್ಸೀಮ.

ಹಿಂದೆ, ಮೇಲೆ

ಟಿ.ವಿ.ಯನ್ನು ನೇರ ಎದುರಿಗೆ ಇಟ್ಟುಕೊಂಡು ಕೂತಾಗ ಕಿವಿಯ ಸರಿ ಪಕ್ಕ 90 ಡಿಗ್ರಿ. ಸರೌಂಡ್ ಸ್ಪೀಕರುಗಳು ಅಲ್ಲಿಂದ ತುಸು ಹಿಂದೆ, 120 ಡಿಗ್ರಿಯೊಳಗೆ, ಕಿವಿಯ ಮಟ್ಟದಲ್ಲಿ ಅಥವಾ ಸ್ವಲ್ಪ ಮೇಲೆ ಇರಲಿ. ಮೈಕ್ ಅಥವಾ ಮೊಬೈಲಿನಿಂದ ಕೋಣೆಯನ್ನು ಅಳೆದು ಸದ್ದನ್ನು ಹೊಂದಿಸುವ ಸೌಲಭ್ಯವಿದ್ದರೆ ಫ್ಯಾನ್ ಆರಿಸಿ ನಡೆಸಿ. ಬಳಿಕ ಮಳೆಯ ದೃಶ್ಯ ಹಾಕಿದಾಗ ಮಳೆ ಸುತ್ತಲೂ ಸುರಿಯಬೇಕು, ಎರಡು ಡಬ್ಬಿಗಳಿಂದ ಸೋರುವಂತಿರಬಾರದು. ಸೋಫಾದ ತುದಿಯಲ್ಲಿ ಕೂತವರಿಗೂ ಹಾಗೆಯೇ ಕೇಳುತ್ತದೆಯೇ ಎಂದು ಜಾಗ ಬದಲಿಸಿ ನೋಡಿ, ಏಕೆಂದರೆ ನಡುವಿನ ಆಸನ ಇರುವುದು ಒಬ್ಬರಿಗೆ ಮಾತ್ರ.

ಕೊನೆಗೆ ತುಟಿ ಮತ್ತು ಕರೆಂಟು

ಸುದ್ದಿವಾಚಕರ ತುಟಿ ನೋಡಿ. ಸದ್ದು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದಾದರೆ ಅಥವಾ 125 ಹಿಂದಾದರೆ ಅದು ನಮ್ಮ ಗಮನಕ್ಕೆ ಬರತೊಡಗುತ್ತದೆ. ಸದ್ದು ಮುಂದೋಡುತ್ತಿದ್ದರೆ ಬಾರಿನ ‘ಆಡಿಯೊ ಡಿಲೇ’ ಏರಿಸಿ ಸರಿಪಡಿಸಬಹುದು. ಹಿಂದೆ ಬೀಳುತ್ತಿದ್ದರೆ ಟಿ.ವಿ.ಯ ಧ್ವನಿ ಸೆಟ್ಟಿಂಗನ್ನೇ ಕೆದಕಬೇಕಾಗುತ್ತದೆ.

ಕಡೆಯದಾಗಿ ಮೇನ್ ಸ್ವಿಚ್ ಆರಿಸಿ, ಐದು ನಿಮಿಷ ಬಿಟ್ಟು ಹಾಕಿ. ನಮ್ಮಲ್ಲಿ ಕರೆಂಟು ಹೋಗಿಬರುವುದು ಹೊಸದಲ್ಲ. ಸಬ್‌ವೂಫರೂ ಹಿಂದಿನ ಎರಡು ಸ್ಪೀಕರುಗಳೂ ಯಾರೂ ಮುಟ್ಟದೆಯೇ ಬಾರಿಗೆ ಮರಳಿ ಜೋಡಿಕೊಳ್ಳಬೇಕು. ಇದನ್ನು ಮೂರು ನಾಲ್ಕು ಸಲ ಮಾಡಿ, ಒಂದು ಸಲ ರಾತ್ರಿಯೆಲ್ಲ ಆರಿಸಿಟ್ಟೂ ನೋಡಿ. ಅಷ್ಟರ ತನಕ ಪೆಟ್ಟಿಗೆಯನ್ನೂ ಥರ್ಮೊಕೋಲನ್ನೂ ಅಟ್ಟದ ಮೇಲೆ ಜೋಪಾನವಾಗಿಡಿ. ಹಿಂತಿರುಗಿಸುವ ಅವಧಿ ಮುಗಿಯುವ ಮುನ್ನ ಅವನ್ನು ಗುಜರಿಯವರಿಗೆ ಕೊಡಬೇಡಿ.