ಚಾಕ್ ಹಿಡಿದು ಮನುಷ್ಯಾಕೃತಿ ಬರೆದ ಅನುಭವ

ಮನುಷ್ಯಾಕೃತಿಯ ಅಭ್ಯಾಸಕ್ಕೆ ನಾನು ಪೆನ್ಸಿಲ್ ಬದಿಗಿಟ್ಟು ಚಾಕ್ ಹಿಡಿದದ್ದಕ್ಕೆ ಕಾರಣವಿದೆ. ಪೆನ್ಸಿಲ್ಲಿನ ಚೂಪು ಮೊನೆ ಕಣ್ಣನ್ನು ದೇಹದ ಅಂಚಿಗೇ ಕಟ್ಟಿಹಾಕುತ್ತದೆ. ಚಾಕ್ ತುಂಡನ್ನು ಅಡ್ಡ ಮಲಗಿಸಿ ಎಳೆದರೆ ಬೆನ್ನಿನ ನೆರಳು ಇಡಿಯಾಗಿ, ಒಮ್ಮೆಗೇ ಕಾಗದಕ್ಕೆ ಇಳಿಯುತ್ತದೆ.

ಕಾರವಾರದ ಬೈತಖೋಲ ಬಂದರಿನಲ್ಲಿ ಬಲೆ ದುರಸ್ತಿ ಮಾಡುವವರೇ ನನ್ನ ರೂಪದರ್ಶಿಗಳು. ಅವರಲ್ಲಿ ನಾನು ಮಾಮ ಎಂದು ಕರೆಯುವ ಹಿರಿಯರೊಬ್ಬರು ಬಲೆಯ ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿಹಿಡಿದು, ಹರಿದ ಕಣ್ಣುಗಳನ್ನು ಒಂದೊಂದಾಗಿ ಕಟ್ಟುತ್ತ ಹೋಗುತ್ತಾರೆ. ಕೈ ಎಷ್ಟು ಆಡಿದರೂ ಪ್ರತಿ ಗಂಟಿಗೂ ಅದೇ ಜಾಗಕ್ಕೆ ಮರಳುವುದರಿಂದ, ಅಲುಗಾಡದೆ ಕುಳಿತುಕೊಳ್ಳಿರೆಂದು ಅವರನ್ನು ಕೇಳುವ ಅಗತ್ಯವೇ ಬರುವುದಿಲ್ಲ.

ತುಸು ತರಿಯಿರುವ ಕಂದು ಅಥವಾ ಬೂದು ಕಾಗದದ ಮೇಲೆ ಮೊದಲು ಹೆಗಲಿನ ಓರೆ, ಸೊಂಟದ ಓರೆ, ಭಾರ ಎಲ್ಲಿ ನೆಲಕ್ಕೆ ಇಳಿಯುತ್ತದೆ ಎಂಬುದನ್ನು ತೆಳುವಾಗಿ ಗುರುತಿಸುತ್ತೇನೆ. ನಂತರ ಕಪ್ಪು ಅಥವಾ ಕೆಂಪು ಚಾಕ್‌ನಲ್ಲಿ ನೆರಳು. ಮಧ್ಯದ ಛಾಯೆಯನ್ನು ಬರೆಯುವುದೇ ಇಲ್ಲ, ಅದು ಕಾಗದದ ಬಣ್ಣವೇ. ಬಿಳಿ ಚಾಕ್ ಕೊನೆಗೆ, ಕೊರಳೆಲುಬು, ಮೊಣಕಾಲಿನ ಚಿಪ್ಪು, ಬೆವರಿದ ಹೆಗಲು ಇಷ್ಟಕ್ಕೇ. ಕಪ್ಪು ಬಿಳಿ ಒಂದನ್ನೊಂದು ಮುಟ್ಟಿದರೆ ಅಲ್ಲಿ ಸುಣ್ಣದಂಥ ಸಪ್ಪೆ ಬೂದು ಉಳಿದು, ಮೈಯ ಬಿಸಿ ಹೋಗಿಬಿಡುತ್ತದೆ. ನೀಲಿ ಕಾಗದದ ಮೇಲೆ ಫ್ರೆಂಚ್ ಕಲಾವಿದ ಪ್ರೂದೋನ್ ಬರೆದ ಆಕೃತಿಗಳ ಮುದ್ರಿತ ಪ್ರತಿಗಳನ್ನು ಮುಂದಿಟ್ಟುಕೊಂಡು ನಕಲು ಮಾಡಿದಾಗ, ಕಾಗದವನ್ನು ಮುಟ್ಟದೆ ಬಿಡುವುದಕ್ಕೆ ಎಷ್ಟು ಧೈರ್ಯ ಬೇಕೆಂದು ನನಗೆ ಮನವರಿಕೆಯಾಯಿತು.

1648ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪನೆಯಾದ ಚಿತ್ರ-ಶಿಲ್ಪಕಲೆಯ ರಾಯಲ್ ಅಕಾಡೆಮಿಯ ಶಿಕ್ಷಣದಲ್ಲಿ ಮೊದಲು ಹಿರಿಯ ಕಲಾವಿದರು ಬರೆದ ಚಿತ್ರಗಳ ನಕಲು, ಆಮೇಲೆ ಪ್ಲಾಸ್ಟರ್ ಪ್ರತಿಮೆಗಳು, ಕೊನೆಗೆ ಜೀವಂತ ರೂಪದರ್ಶಿ ಎಂಬ ಕ್ರಮವಿತ್ತು; ರೂಪದರ್ಶಿಯನ್ನು ನೋಡಿ ಚಾಕ್‌ನಲ್ಲಿ ಬರೆದ ಅಭ್ಯಾಸಚಿತ್ರಕ್ಕೇ ‘ಅಕಾಡೆಮಿ’ ಎಂಬ ಹೆಸರು ಬಂತು. 1857ರಲ್ಲಿ ಆರಂಭವಾದ ಮುಂಬಯಿಯ ಜೆ.ಜೆ. ಕಲಾಶಾಲೆಯಂಥ ಸಂಸ್ಥೆಗಳ ಮೂಲಕ ಪ್ಲಾಸ್ಟರ್ ಪ್ರತಿಮೆಯ ಅಭ್ಯಾಸ ನಮ್ಮಲ್ಲಿಗೂ ಬಂತು. ನೆರಳಿನ ಅಂಚು ಎಲ್ಲಿ ಗಟ್ಟಿ, ಎಲ್ಲಿ ಮೃದು ಎಂಬುದನ್ನು ಕಲಿಯಲು ಅಲುಗಾಡದ ಪ್ರತಿಮೆ ಉಪಯುಕ್ತವೇ. ಆದರೆ ವರ್ಷಗಟ್ಟಲೆ ಅದರ ಮುಂದೆಯೇ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಉಸಿರಾಡುವ ಪಕ್ಕೆಲುಬನ್ನು ಪ್ಲಾಸ್ಟರ್ ತೋರಿಸಲಾರದು.

ಕರಾವಳಿಯವರು ಮಳೆಗಾಲದಲ್ಲಿ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಬೇಕು, ಥಂಡಿ ಹಿಡಿದ ಹಾಳೆಯ ಮೇಲೆ ಚಾಕ್ ಮೆತ್ತಿಕೊಳ್ಳುತ್ತದೆ. ಚಾಕ್ ಪುಡಿ ಉದುರದಂತೆ ಹಿಡಿದಿಡುವ ದ್ರವವಾದ ಫಿಕ್ಸೇಟಿವ್ ಸಿಂಪಡಿಸಿದರೆ ಬಿಳಿ ಮಂಕಾಗುವುದರಿಂದ, ಕಪ್ಪು ಮುಗಿದ ಮೇಲೆ ಒಮ್ಮೆ ತೆಳುವಾಗಿ ಸಿಂಪಡಿಸಿ, ಅದು ಒಣಗಿದ ನಂತರವೇ ನಾನು ಬಿಳಿ ಚಾಕ್ ಎತ್ತಿಕೊಳ್ಳುತ್ತೇನೆ.