ಅತ್ತೆಯ ಖಾತೆಗೆ ಬಿದ್ದ ಎರಡು ಸಾವಿರ

ನಮ್ಮ ಟ್ರಸ್ಟ್ ಅಂದರೆ ಏಳು ಜನ. ನಾನು ನಿವೃತ್ತ ಶಿಕ್ಷಕಿ, ಇನ್ನೊಬ್ಬರು ಗೊಬ್ಬರದಂಗಡಿಯವರು, ಒಬ್ಬಾಕೆ ಬಟ್ಟೆ ಹೊಲಿಯುವವಳು, ಹೀಗೆ. ಊರು ಗಂಗಾವತಿ ಕಡೆಯ ಭತ್ತದ ಸೀಮೆ. ಜೂನ್ ಬಂದರೆ ಮಕ್ಕಳಿಗೆ ನೋಟ್‌ಬುಕ್ ಹಂಚುತ್ತಿದ್ದೆವು. ಮಾರ್ಚ್‌ನಲ್ಲಿ ಮಹಿಳಾ ದಿನಕ್ಕೆ ‘ಸುಖೀ ಕುಟುಂಬ’ ಅಂತ ಒಂದು ಭಾಷಣ, ಆಮೇಲೆ ಉಪ್ಪಿಟ್ಟು, ಶಿರಾ, ಒಂದು ಗ್ರೂಪ್ ಫೋಟೊ. ವರ್ಷಗಟ್ಟಲೆ ಇದೇ ನಡೆಯಿತು. ಭಾಷಣಕ್ಕೆ ಬರುತ್ತಿದ್ದವರು ಹೆಂಗಸರು ಮಾತ್ರ. ಮನೆಯ ಸುಖ ಯಾರಿಂದ ಕೆಟ್ಟಿತ್ತೋ ಅವರೊಬ್ಬರೂ ಬರುತ್ತಿರಲಿಲ್ಲ.

2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾಯಿತಲ್ಲ, ನಮ್ಮ ಕಣ್ಣು ತೆರೆದದ್ದು ಆಗ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಯಾರ ಹೆಸರಿದೆಯೋ ಅವರ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಅಲ್ಲಿಯವರೆಗೆ ಆ ಹೆಸರಿನ ಗೋಜಿಗೆ ಯಾರೂ ಹೋದವರಲ್ಲ. ಒಂದು ಸಂಜೆ ನಮ್ಮ ಓಣಿಯ ಸೊಸೆಯೊಬ್ಬಳು ನಾಟಿ ಮುಗಿಸಿಕೊಂಡು, ಕಾಲಿನ ಕೆಸರೂ ತೊಳೆಯದೆ ನಮ್ಮ ಮನೆ ಕಟ್ಟೆಗೆ ಬಂದು ಕೂತಳು. “ಟೀಚರ್ರ, ದುಡಿಯಾಕಿ ನಾನು, ಯಜಮಾನಿ ನಮ್ಮತ್ತಿ. ಇದ್ಯಾವ ನ್ಯಾಯ ರೀ?”

ನಾವು ಮಾಡಿದ ಮೊದಲ ತಪ್ಪು ಅಲ್ಲೇ. ಅತ್ತೆ ಸೊಸೆ ಇಬ್ಬರನ್ನೂ ಗುಡಿಯ ಕಟ್ಟೆಗೆ ಕರೆಸಿ, ನಾಲ್ಕು ಜನರ ಮುಂದೆ ಕೂರಿಸಿ, “ಅರ್ಧ ಅರ್ಧ ಮಾಡ್ಕೋರಿ” ಅಂದೆವು. ಆ ಮುದುಕಿ ನನ್ನ ಮುಖ ನೋಡಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಹುಟ್ಟಿ ಇಷ್ಟು ವರ್ಷಾತು, ನನ್ನ ಹೆಸರ್ಲೆ ರೊಕ್ಕ ಬಂದಿದ್ದು ಇದ ಮೊದಲು. ಅದನ್ನೂ ಕೊಡು ಅಂದ್ರ ಹೆಂಗವಾ?” ನನ್ನ ಬಾಯಿ ಕಟ್ಟಿತು. ಮರುದಿನದಿಂದ ಆ ಮನೆಯಲ್ಲಿ ಎರಡು ಒಲೆ.

ಒಂದು ವಾರ ಬಿಟ್ಟು ನಾನೊಬ್ಬಳೇ ಅವರ ಮನೆಗೆ ಹೋದೆ. ನ್ಯಾಯದ ಮಾತು ಎತ್ತಲಿಲ್ಲ. ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು, ಅದರ ಹಿಂಬದಿಯಲ್ಲಿ ಮನೆಯ ತಿಂಗಳ ಲೆಕ್ಕ ಬರೆಯೋಣ ಅಂದೆ. ಎಣ್ಣೆ, ಗ್ಯಾಸು, ಮಾವನ ಬಿಪಿ ಗುಳಿಗೆ, ಹುಡುಗನ ಟ್ಯೂಷನ್ನು. ಬರೆಯುತ್ತಾ ಬರೆಯುತ್ತಾ ಸೊಸೆಯ ದನಿ ಸಣ್ಣದಾಯಿತು. ಸಂಘದ ಸಾಲದ ಕಂತು. ಒಂದಲ್ಲ, ಮೂರು ಸಂಘ. ಒಂದರ ಕಂತು ಕಟ್ಟಲು ಇನ್ನೊಂದರಲ್ಲಿ ಎತ್ತಿದ್ದು. ಗಂಡನಿಗೆ ಒಂದು ಮಾತ್ರ ಗೊತ್ತಿತ್ತು, ಅತ್ತೆಗೆ ಯಾವುದೂ ಗೊತ್ತಿರಲಿಲ್ಲ. ಎರಡು ಸಾವಿರದ ಜಗಳ ಅಂತ ನಾವು ತಿಳಿದದ್ದು ಅಸಲಿಗೆ ವಾರದ ಕಂತಿನ ಭಯ.

ಅದೇ ಹಾಳೆಯಲ್ಲಿ ಇನ್ನೊಂದು ಸಿಕ್ಕಿತು. ಮಾವನಿಗೆ ಬರಬೇಕಾದ ಸಂಧ್ಯಾ ಸುರಕ್ಷಾ ವೃದ್ಧಾಪ್ಯ ಪಿಂಚಣಿ, ತಿಂಗಳಿಗೆ 1,200, ಎಷ್ಟೋ ತಿಂಗಳಿಂದ ನಿಂತಿದೆ. ಆಧಾರ್‌ನಲ್ಲಿ ಅವರ ಹೆಸರಿನ ಕೊನೆಗೆ ‘ಪ್ಪ’ ಇದೆ, ಪಾಸ್‌ಬುಕ್ಕಿನಲ್ಲಿ ಇಲ್ಲ. ಖಾತೆಗೆ ಆಧಾರ್ ಜೋಡಣೆಯೇ ಆಗಿರಲಿಲ್ಲ. ಬ್ಯಾಂಕಿಗೆ ಎರಡು ಸಲ, ನಾಡಕಚೇರಿಗೆ ಮೂರು ಸಲ ಅಲೆದೆವು. ಪಿಂಚಣಿ ಮತ್ತೆ ಶುರುವಾದ ತಿಂಗಳು ಎರಡು ಒಲೆ ಒಂದಾಯಿತು ಅಂತ ಬರೆಯಲು ಆಸೆ. ಆಗಲಿಲ್ಲ. ದೀಪಾವಳಿವರೆಗೂ ಬೇರೆ ಬೇರೆಯೇ ಉಂಡರು.

ಆಮೇಲೆ ಭಾಷಣ ನಿಲ್ಲಿಸಿ ಸೋಮವಾರದ ‘ಕಾಗದದ ಕಟ್ಟೆ’ ಶುರು ಮಾಡಿದೆವು. ಸಂಜೆ ಆರೂವರೆಯಿಂದ ಎಂಟೂವರೆ, ಯಾಕೆಂದರೆ ಹೊಲದಿಂದ ಜನ ಬರುವುದೇ ಆಗ. ಮೊಬೈಲ್ ಹಿಡಿದು ಡಿಗ್ರಿ ಓದುವ ಹುಡುಗಿ, ಪೆನ್ನು ಹಿಡಿದು ನಾನು. ಮನೆಗೊಂದು ಗಟ್ಟಿ ಪ್ಲಾಸ್ಟಿಕ್ ಕವರು: ರೇಷನ್ ಕಾರ್ಡು, ಆಧಾರ್ ಜೆರಾಕ್ಸ್, ತಾಯಿ ಕಾರ್ಡು, ಜಾತಿ-ಆದಾಯ ಪತ್ರ. ಆ ಪತ್ರದ ಮೇಲಿರುವ ಆರ್‌ಡಿ ನಂಬರನ್ನು, ಅಂದರೆ ಅದರ ಗುರುತಿನ ಸಂಖ್ಯೆಯನ್ನು, ಕವರಿನ ಮೇಲೇ ದಪ್ಪಕ್ಷರದಲ್ಲಿ ಬರೆಯುತ್ತೇವೆ. ವಿದ್ಯಾರ್ಥಿವೇತನದ ಕೊನೆಯ ದಿನ ಅದನ್ನು ಹುಡುಕುತ್ತಾ ಎಷ್ಟು ಮನೆಗಳಲ್ಲಿ ಜಗಳ ಆಗುತ್ತಿತ್ತೋ! ಮೂಲ ದಾಖಲೆ ನಾವು ಇಟ್ಟುಕೊಳ್ಳುವುದಿಲ್ಲ, ಓಟಿಪಿ ಕೇಳುವುದಿಲ್ಲ, ಚಹಾ ಕೂಡ ನಮ್ಮ ದುಡ್ಡಿನದೇ.

ಸಾಲದ ವಿಷಯದಲ್ಲಿ ಒಮ್ಮೆ ಕೈ ಸುಟ್ಟುಕೊಂಡೆವು. ಒಂದು ಮನೆಯ ಕಂತನ್ನು ಟ್ರಸ್ಟಿನಿಂದಲೇ ತುಂಬಿದೆವು. ಎರಡು ತಿಂಗಳಲ್ಲಿ ಅವರು ಹೊಸ ಸಾಲ ಎತ್ತಿದರು, ಓಣಿಯ ಉಳಿದವರು ನಮ್ಮ ಬಾಗಿಲಿಗೆ ಬಂದರು. ಈಗ ರೊಕ್ಕ ಕೊಡುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಇದ್ದಾಗ ಮಾತ್ರ ಲೆಕ್ಕ ಬರೆಯುತ್ತೇವೆ. ಬಲವಂತದ ವಸೂಲಿಯ ವಿರುದ್ಧ 2025ರಲ್ಲಿ ರಾಜ್ಯದ ಕಾನೂನು ಬಂದ ಮೇಲೆ, ವಸೂಲಿಯವರು ರಾತ್ರಿ ಬಂದು ಅಂಗಳದಲ್ಲಿ ಕೂತರೆ ನಾವೂ ಇಬ್ಬರು ಹೋಗಿ ಪಕ್ಕದಲ್ಲಿ ಕೂರುತ್ತೇವೆ. ಅಷ್ಟೇ ಸಾಕಾಗುತ್ತದೆ, ಬಹಳ ಸಲ.

ಎಲ್ಲ ಜಗಳವೂ ಲೆಕ್ಕದ ಜಗಳ ಅಲ್ಲ ಅನ್ನುವುದನ್ನು ನಾನು ತಡವಾಗಿ ಕಲಿತೆ. ಗಂಡ ಕುಡಿದು ಬರುತ್ತಾನೆ ಅಂತ ಬಂದವಳಿಗೂ ಲೆಕ್ಕದ ಹಾಳೆಯನ್ನೇ ಕೊಟ್ಟು ಕಳಿಸಿದ್ದೆ. ಆ ಹಾಳೆಯ ಕಾರಣಕ್ಕೇ ಅವಳು ಮತ್ತೆ ಹೊಡೆತ ತಿಂದಳು. ನಮ್ಮ ಬುದ್ಧಿಗೆ ಮೀರಿದ್ದು ಅದು. ಈಗ ಮೈಮೇಲೆ ಬಾಸುಂಡೆ ಕಂಡರೆ ನಾವು ರಾಜಿ ಮಾಡಿಸುವುದಿಲ್ಲ. ಅವಳು ಹೂಂ ಅಂದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನು, ಇಲ್ಲವೇ ನೊಂದ ಹೆಂಗಸರಿಗೆ ನೆರವಾಗುವ ಜಿಲ್ಲೆಯ ಸಖಿ ಕೇಂದ್ರಕ್ಕೆ ಜೊತೆಯಲ್ಲಿ ಒಬ್ಬರು. ಶಕ್ತಿ ಯೋಜನೆಯಿಂದ ಬಸ್ ಚಾರ್ಜಿನ ಚಿಂತೆಯೂ ಇಲ್ಲ. ಮೊದಲು ಎಷ್ಟೋ ಜನ ಆ ಟಿಕೆಟ್ ದುಡ್ಡಿಗೇ ಹಿಂದೇಟು ಹಾಕುತ್ತಿದ್ದರು.

ಗಂಡಸರು ಕಟ್ಟೆಗೆ ಬರಲು ಒಂದು ವರ್ಷ ಹಿಡಿಯಿತು. ಕರೆದದ್ದಕ್ಕೆ ಬಂದವರಲ್ಲ, ಪಹಣಿಯಲ್ಲಿ ಹೆಸರು ತಪ್ಪಿದ್ದಕ್ಕೆ ಬಂದವರು. ಬಂದ ಮೇಲೆ ಹೆಂಡತಿಯ ಕವರಿನಲ್ಲಿ ಏನೇನಿದೆ ಅಂತ ನೋಡುತ್ತಾರೆ, ನೋಡಲಿ ಅಂತಲೇ ನಾವು ಅದನ್ನು ಮೇಲೆ ಇಟ್ಟಿರುತ್ತೇವೆ.

ಆ ಮೊದಲ ಮನೆಯ ಅತ್ತೆ ಈಗ ಹುಡುಗನ ಟ್ಯೂಷನ್ ಫೀ ತಾನೇ ಕಟ್ಟುತ್ತಾಳೆ, ಐದು ನೂರು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾಳೆ, ಉಳಿದದ್ದು ಮನೆಗೆ. ಪಾಸ್‌ಬುಕ್ ಅವಳ ದಿಂಬಿನ ಕೆಳಗೇ ಇರುತ್ತದೆ. ಅವಳಿಗೆ ಓದಲು ಬರುವುದಿಲ್ಲ. ತಿಂಗಳಿಗೊಮ್ಮೆ ಎಂಟ್ರಿ ಹಾಕಿಸಿಕೊಂಡು ಬಂದು, ಎಷ್ಟು ಬಿದ್ದಿದೆ ಅಂತ ಓದಿ ಹೇಳುವವಳು ಸೊಸೆ.