ಹಾಸನ ಸೀಮೆಯ ಮನೆತನದ ಚರಿತ್ರೆಯನ್ನು ದಾಖಲೆ ಮತ್ತು ಭಾವಚಿತ್ರಗಳಲ್ಲಿ ಹುಡುಕುವ ಬಗೆ

ಹಾಸನದ ಕಡೆ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ಇರುವುದರಿಂದ, ಒಂದೇ ಊರಿನ ಕಡತಗಳಲ್ಲಿ ರಂಗೇಗೌಡ, ಸಣ್ಣಯ್ಯ, ಪುಟ್ಟಸ್ವಾಮಿ ಎಂಬ ಹೆಸರುಗಳು ಹತ್ತಾರು ಕಡೆ ಎದುರಾಗುತ್ತವೆ. ಹೆಸರನ್ನೇ ನಂಬಿ ಹೊರಟವರು ಗೊತ್ತಿಲ್ಲದೆ ಬೇರೊಂದು ವಂಶದೊಳಗೆ ಹೊಕ್ಕುಬಿಡುತ್ತಾರೆ. ಆದ್ದರಿಂದ ಜಮೀನು ಇದ್ದ ಮನೆತನವಾದರೆ ಸರ್ವೆ ನಂಬರಿನ ಬೆನ್ನು ಹತ್ತುವುದೇ ಸರಿಯಾದ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಈಗಿನ ಪಹಣಿಯನ್ನು ತೆಗೆಸಿಕೊಳ್ಳಿ. ಗಣಕೀಕೃತ ಪಹಣಿಯಲ್ಲಿ ಇತ್ತೀಚಿನ ಎರಡು ಮೂರು ದಶಕಗಳ ಸಂಗತಿ ಮಾತ್ರ ಸಿಗುತ್ತದೆ. ಅದಕ್ಕೂ ಹಿಂದಿನ ಕೈಬರಹದ ಪಹಣಿ ಮತ್ತು ಮ್ಯುಟೇಷನ್ (ಖಾತೆ ಬದಲಾವಣೆ) ರಿಜಿಸ್ಟರಿಗಾಗಿ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಬೇಕು. ಅರ್ಜಿಯಲ್ಲಿ ಗ್ರಾಮ, ಹೋಬಳಿ, ಸರ್ವೆ ನಂಬರು ಮತ್ತು ಬೇಕಾದ ಸಾಲುಗಳನ್ನು (ವರ್ಷಗಳನ್ನು) ಸ್ಪಷ್ಟವಾಗಿ ನಮೂದಿಸಿ ದೃಢೀಕೃತ ನಕಲು ಕೇಳಿ. ಹಳೆಯ ಕಾಗದಗಳಲ್ಲಿ ಸಕಲೇಶಪುರ ತಾಲ್ಲೂಕು ಮಂಜರಾಬಾದ್ ಎಂದೂ, ಚಿಕ್ಕಮಗಳೂರು ಜಿಲ್ಲೆ ಕಡೂರು ಜಿಲ್ಲೆ ಎಂದೂ ಇರುತ್ತದೆ ಎಂಬುದನ್ನು ನೆನಪಿಡಿ.

ಈ ದಾಖಲೆಗಳನ್ನು ಓದುವುದಕ್ಕೆ ಒಂದು ಕ್ರಮವಿದೆ. 47ನೆಯ ಸರ್ವೆ ನಂಬರು ಮುಂದೆ 47/1, 47/2, 47/3 ಎಂದು ಪೋಡಿಯಾಗಿದ್ದರೆ, ಅಂದರೆ ಅಳತೆಯಾಗಿ ಬೇರೆ ಬೇರೆ ತುಂಡುಗಳಾಗಿದ್ದರೆ, ಆ ಕಾಲಕ್ಕೆ ಅಣ್ಣತಮ್ಮಂದಿರ ನಡುವೆ ಪಾಲಾಗಿರಬಹುದು, ಇಲ್ಲವೇ ಒಂದು ಭಾಗ ಮಾರಾಟವಾಗಿರಬಹುದು. ಯಾವುದು ನಿಜವೆಂಬುದನ್ನು ಮ್ಯುಟೇಷನ್ ರಿಜಿಸ್ಟರಿನಲ್ಲಿ ಪೌತಿ (ಖಾತೆದಾರರ ಸಾವು), ವಿಭಾಗ, ಕ್ರಯ ಎಂದು ಬರೆದಿರುವ ಕಾರಣವೇ ತಿಳಿಸುತ್ತದೆ. ಪೌತಿ ಎಂದಿರುವ ವರ್ಷವನ್ನು ಹಿರಿಯರು ತೀರಿಕೊಂಡ ವರ್ಷವೆಂದು ಬರೆದುಕೊಳ್ಳಬೇಡಿ; ಸಾವಿನ ನಂತರ ಎಷ್ಟೋ ವರ್ಷ ಖಾತೆ ಬದಲಾಯಿಸದೆ ಬಿಡುವುದು ನಮ್ಮಲ್ಲಿ ಸಾಮಾನ್ಯವಾಗಿದ್ದರಿಂದ, ಅವರು ಆ ವರ್ಷಕ್ಕೆ ಮೊದಲೇ ತೀರಿಕೊಂಡಿದ್ದರು ಎಂದಷ್ಟೇ ಅದರಿಂದ ತೀರ್ಮಾನಿಸಬಹುದು. ಮೈಸೂರು ಸಂಸ್ಥಾನದಲ್ಲಿ ರೆವಿನ್ಯೂ ಸರ್ವೆ ಆರಂಭವಾದದ್ದು 1863ರಲ್ಲಿ. ಅದಕ್ಕೂ ಹಿಂದಿನ ಕಾಗದ ಮನೆಯಲ್ಲಿ ಉಳಿದಿದ್ದರೆ, ಅದರಲ್ಲಿ ಗದ್ದೆಯ ವಿಸ್ತೀರ್ಣ ಎಕರೆ, ಗುಂಟೆಯ ಬದಲು ಬಿತ್ತನೆಯ ಖಂಡುಗ, ಕೊಳಗಗಳಲ್ಲಿರುತ್ತದೆ. 20 ಕೊಳಗಕ್ಕೆ ಒಂದು ಖಂಡುಗ.

ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಮನೆತನದವರು ಭೂಸ್ವಾಧೀನದ ಐತೀರ್ಪನ್ನು (ಪರಿಹಾರದ ಆದೇಶವನ್ನು) ತಪ್ಪದೆ ಹುಡುಕಬೇಕು. ಪರಿಹಾರ ನಿಗದಿಪಡಿಸುವುದಕ್ಕಾಗಿ ಜಮೀನಿನ ಜೊತೆಗೆ ಮನೆ, ಬಾವಿ, ಮರಗಳನ್ನೂ ಲೆಕ್ಕ ಹಾಕುವ ಪದ್ಧತಿ ಇದ್ದುದರಿಂದ, ಈಗ ನೀರಿನಡಿಯಲ್ಲಿರುವ ಹಿತ್ತಲಿನಲ್ಲಿ ಎಷ್ಟು ತೆಂಗು, ಎಷ್ಟು ಹಲಸು ಇದ್ದವೆಂಬುದು ಕೂಡ ಆ ಕಡತದಿಂದ ತಿಳಿಯುವ ಸಾಧ್ಯತೆಯಿದೆ. ಇಷ್ಟು ಹತ್ತಿರದಿಂದ ಒಂದು ಮನೆಯನ್ನು ಕಾಣಿಸುವ ಸರ್ಕಾರಿ ಕಾಗದ ಅಪರೂಪ.

ಸ್ವಂತ ಜಮೀನು ಇರದಿದ್ದ ಮನೆತನಗಳಿಗೆ ಚರಿತ್ರೆಯೇ ಇಲ್ಲವೆಂದು ಕೈಚೆಲ್ಲುವುದು ಅನ್ಯಾಯ. ಗೇಣಿಗೆ ಉಳುತ್ತಿದ್ದವರು 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಉಳುವ ಜಮೀನಿನ ಒಡೆತನ ಕೋರಿ ನಮೂನೆ 7ರಲ್ಲಿ ಅರ್ಜಿ ಹಾಕಿದ್ದರೆ, ಭೂ ನ್ಯಾಯಮಂಡಳಿಯ ಆ ಕಡತದಲ್ಲಿ ಉಳುಮೆಯ ವಿವರದ ಜೊತೆ ಸಾಕ್ಷಿಗಳ ಹೇಳಿಕೆಗಳೂ ಸಿಗಬಹುದು. ತೋಟಿ, ತಳವಾರ, ನೀರಗಂಟಿ ಕೆಲಸಕ್ಕಾಗಿ ಚಾಕರಿ ಇನಾಮು (ಊರಿನ ಸೇವೆಗೆ ಕೊಟ್ಟ ಜಮೀನು) ಪಡೆದಿದ್ದ ಕುಟುಂಬಗಳ ಹೆಸರು, 1963ರಲ್ಲಿ ಗ್ರಾಮಾಧಿಕಾರ ರದ್ದಾದ ಮೇಲೆ ಆದ ಮರುಮಂಜೂರಾತಿಯ ಆದೇಶಗಳಲ್ಲಿರುತ್ತದೆ. ಕಾಫಿ ತೋಟದಲ್ಲಿ ದುಡಿದವರ ವಿಷಯದಲ್ಲಿ ತೋಟದ ರೈಟರ (ಲೆಕ್ಕ ಬರೆಯುವವರ) ಬಳಿ ಉಳಿದಿರುವ ಚೆಕ್‌ರೋಲ್ ಪುಸ್ತಕಗಳನ್ನು, ಅಂದರೆ ಆಳುಗಳ ಹಾಜರಿ ಪುಸ್ತಕಗಳನ್ನು, ಕೇಳಿ ನೋಡಬೇಕು.

ಹಾಸನ ಪಟ್ಟಣದಲ್ಲೇ ನೆಲೆಸಿದ್ದ ಮನೆಯಾದರೆ ನಗರಾಡಳಿತ ಕಚೇರಿಯ ಹಳೆಯ ಅಸೆಸ್‌ಮೆಂಟ್ (ಮನೆ ಕಂದಾಯದ) ರಿಜಿಸ್ಟರ್ ಮತ್ತು ಜನನ ಮರಣ ರಿಜಿಸ್ಟರ್, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿರುವ ಕ್ರಯಪತ್ರ, ಪಾಲುಪತ್ರಗಳ ನಕಲು ಇವಿಷ್ಟು ಸಾಕಾಗುತ್ತವೆ. ಜನಗಣತಿಯ ಮನೆವಾರು ಪಟ್ಟಿಗಾಗಿ ಅಲೆಯಬೇಡಿ. 1948ರ ಜನಗಣತಿ ಕಾಯ್ದೆಯ ಪ್ರಕಾರ ಅದು ಗೋಪ್ಯ. ಸಂಸ್ಥಾನ ಕಾಲದ ಸರ್ಕಾರಿ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರವಿದೆ, ಆದರೆ ಊರು, ಇಸವಿ, ವಿಷಯ ಮೂರೂ ಗೊತ್ತಾದ ಮೇಲೆ ಅಲ್ಲಿಗೆ ಹೋದರೆ ಮಾತ್ರ ಪ್ರಯೋಜನ.

ಕಂದಾಯದ ದಾಖಲೆಗಳಲ್ಲಿ ಹೆಣ್ಣುಮಕ್ಕಳ ಹೆಸರು ಕಾಣುವುದು ಬಹಳ ಕಡಿಮೆ. ಅಜ್ಜಿಯ ತವರು ಯಾವುದು, ಅವಳ ಅಕ್ಕತಂಗಿಯರನ್ನು ಎಲ್ಲಿಗೆ ಕೊಟ್ಟಿದ್ದರು ಎಂಬುದನ್ನು ತಿಳಿಯಲು ಲಗ್ನಪತ್ರಿಕೆಗಳೂ ಭಾವಚಿತ್ರಗಳೂ ಹೆಚ್ಚಿನ ಆಧಾರ. ಲಗ್ನಪತ್ರಿಕೆಯಲ್ಲಿ ಇಸವಿ ಇರದೆ ಸಂವತ್ಸರ ಮಾತ್ರ ಇದ್ದರೆ ಅರವತ್ತು ವರ್ಷದ ಆವೃತ್ತಿಯನ್ನು ಗಮನಿಸಬೇಕು. ಧಾತು ಸಂವತ್ಸರ 1876–77, 1936–37, 1996–97ರಲ್ಲಿ ಬಂದಿದೆ. ಮಾಸಿದ ಹಳೆಯ ಅಚ್ಚಿನ ಪತ್ರಿಕೆಯಾದರೆ ನಡುವಿನದೇ ಇರಬೇಕೆಂದು ಊಹಿಸಿ, ತಿಥಿ ವಾರಗಳನ್ನು ಹಳೆಯ ಪಂಚಾಂಗದೊಡನೆ ತಾಳೆ ನೋಡಿ. ಮದುವೆ ಫಾಲ್ಗುಣದಲ್ಲಿ ನಡೆದಿದ್ದರೆ ಇಂಗ್ಲಿಷ್ ಇಸವಿ 1937 ಆಗುತ್ತದೆಯೇ ಹೊರತು 1936 ಅಲ್ಲ.

ಭಾವಚಿತ್ರ ಕೈಗೆ ಬಂದೊಡನೆ ಮೊದಲು ಹಿಂಬದಿಯನ್ನು ನೋಡಿ. ಸ್ಟುಡಿಯೋದ ಮೊಹರು, ಕಾಗದದ ಕಂಪನಿಯ ಅಚ್ಚು, ಪೆನ್ಸಿಲಿನ ಬರಹ ಇವೆಲ್ಲ ಅಲ್ಲೇ ಇರುತ್ತವೆ. ನಡುಮನೆಯಲ್ಲಿ ಕುಂಕುಮವಿಟ್ಟು, ಗಂಧದ ಹಾರ ಹಾಕಿ ತೂಗುಹಾಕಿರುವ ಪಟವನ್ನು ಕಟ್ಟಿನಿಂದ ಬಿಡಿಸುವ ಮುನ್ನ ಬಹಳ ಎಚ್ಚರ ಬೇಕು. ಮಲೆನಾಡಿನ ಮಳೆಗಾಲದ ತೇವಕ್ಕೆ ಚಿತ್ರದ ಮೇಲಿನ ಜೆಲಾಟಿನ್ ಪದರ ಮೆತ್ತಗಾಗಿ ಗಾಜಿಗೆ ಅಂಟಿಕೊಂಡಿರುತ್ತದೆ. ಎಳೆದರೆ ಮುಖವೇ ಕಿತ್ತುಬರುತ್ತದೆ. ಅಂಟಿಕೊಂಡಿರುವ ಕಡೆ ಗಾಜಿನ ಬಣ್ಣ ಬೇರೆಯಾಗಿ, ಒದ್ದೆಯಾದಂತೆ ಕಾಣುವುದೇ ಗುರುತು. ಅಂಥ ಪಟವನ್ನು ಕಿಟಕಿಯ ಓರೆ ಬೆಳಕಿನಲ್ಲಿಟ್ಟು, ಗಾಜಿನ ಮೇಲೆ ಹೊಳಪು ಬೀಳದ ಹಾಗೆ ಗಾಜಿನ ಮೂಲಕವೇ ಫೋಟೋ ತೆಗೆದುಕೊಳ್ಳಿ. ಬಿಡಿ ಚಿತ್ರಗಳನ್ನು ಕನಿಷ್ಠ 600 ಡಿಪಿಐನಲ್ಲಿ ಎರಡೂ ಬದಿ ಸ್ಕ್ಯಾನ್ ಮಾಡಿ, ಅಂಚನ್ನು ಕತ್ತರಿಸಬೇಡಿ.

ಶಾಲೆಯ ಗುಂಪು ಚಿತ್ರವಾದರೆ ಮುಂದಿನ ಸಾಲಿನ ಮಕ್ಕಳ ಕಾಲಬಳಿ ತರಗತಿ ಮತ್ತು ವರ್ಷ ಬರೆದ ಸ್ಲೇಟು ಇದೆಯೇ ಎಂದು ದೊಡ್ಡದು ಮಾಡಿ ನೋಡಿ. ಆ ವರ್ಷ ತಿಳಿದರೆ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ತಂದೆಯ ಹೆಸರು ಮತ್ತು ಹಿಂದೆ ಓದಿದ ಶಾಲೆಯನ್ನು ಹುಡುಕುವುದು ಸುಲಭ. ಅಲ್ಲಿರುವ ಹುಟ್ಟಿದ ತಾರೀಖನ್ನು ಮಾತ್ರ ಪೂರ್ತಿ ನಂಬುವಂತಿಲ್ಲ, ಏಕೆಂದರೆ ಎಷ್ಟೋ ಮಕ್ಕಳಿಗೆ ಮೇಷ್ಟ್ರೇ ಅಂದಾಜಿನಲ್ಲಿ ಒಂದು ದಿನವನ್ನು ಬರೆದು ಸೇರಿಸಿಕೊಳ್ಳುತ್ತಿದ್ದರು.

ಪ್ರತಿಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಮನೆಯ ಹಿರಿಯ ಹೆಂಗಸರ ಮುಂದಿಡಿ. ‘ಇವರು ಯಾರು’ ಎಂದು ಒಂದೇ ಸಲಕ್ಕೆ ಕೇಳುವುದಕ್ಕಿಂತ, ‘ಈ ಸೀರೆ ಯಾವ ಮದುವೆಯದು’, ‘ಇದು ಯಾರ ಮನೆ ಜಗಲಿ’ ಎಂದು ಕೇಳಿದರೆ ಮಾತು ಬೆಳೆಯುತ್ತದೆ. ಅವರು ಹೇಳಿದ್ದನ್ನು ಎಡದಿಂದ ಬಲಕ್ಕೆ, ಹಿಂದಿನ ಸಾಲಿನಿಂದ ಮುಂದಕ್ಕೆ ಅದೇ ಹೊತ್ತಿನಲ್ಲಿ ಬರೆದುಕೊಳ್ಳಿ. ವಂಶಾವಳಿ ಹೇಳುವುದನ್ನೇ ವೃತ್ತಿಯಾಗಿಸಿಕೊಂಡು ಊರಿಗೆ ಬರುವ ಹೆಳವರು ಮನೆತನದ ಪೀಳಿಗೆಗಳನ್ನು ಹೇಳಬಲ್ಲರು. ಅವರು ಬಂದಾಗ ಆದರದಿಂದ ಕೂರಿಸಿ, ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಳ್ಳಿ. ಬಾಯಿಮಾತಿನಿಂದ ಬಂದ ವಿವರವನ್ನೂ ಕಡತದಿಂದ ಬಂದ ವಿವರವನ್ನೂ ಒಂದರೊಳಗೊಂದು ಬೆರೆಸದೆ, ಪ್ರತಿ ಹೆಸರಿನ ಎದುರು ಅದು ಯಾವ ಕಚೇರಿಯ ಯಾವ ಪುಟದಿಂದ ಅಥವಾ ಯಾರ ಬಾಯಿಂದ ಬಂದದ್ದೆಂದು ತಾರೀಖಿನ ಸಮೇತ ನಮೂದಿಸಿ, ಒಂದು ಪ್ರತಿಯನ್ನು ಚಿತ್ರ ಕೊಟ್ಟ ಮನೆಗೆ ತಲುಪಿಸಿ.